ಸೇವೆ ಮಾಡಿಸಿಕೊಳ್ಳಲು ಸಂಕೋಚ ಯಾಕೆ ಅಕ್ಕಾ?

ಶಿರಸಿ ಹತ್ತಿರದ ಹಳ್ಳಿಯಿಂದ ಒಬ್ಬ ಓದುಗರು ಬರೆದಿದ್ದಾರೆ. ಸಿಂಗಾಪುರದಲ್ಲಿರುವ ಮಗಳು ಅಪ್ಪ ಅಮ್ಮನಿಗೆ ಐಷಾರಾಮಿ ಹಡಗಿನ ಪ್ರವಾಸ ಗೊತ್ತು ಮಾಡುತ್ತಿದ್ದಾಳಂತೆ. ಸಿಂಗಾಪುರದಿಂದ ಹೊರಟು ಮಲೇಷ್ಯಾದ ಪೆನಾಂಗ್, ಥಾಯ್ಲೆಂಡಿನ ಫುಕೆಟ್ ನೋಡಿಕೊಂಡು ವಾಪಸ್. ಜೊತೆಗೆ ಹಡಗಿನ ಸ್ಪಾದಲ್ಲಿ ಮಸಾಜು. "ಇಷ್ಟು ವರ್ಷ ಬಂದವರಿಗೆಲ್ಲ ಬಡಿಸಿದವಳು ನಾನು. ಈಗ ಯಾರೋ ಹುಡುಗಿ ನನ್ನ ಕಾಲು ಒತ್ತುವಾಗ ಸುಮ್ನೆ ಮಲಗಿರುವುದು ಹೇಗೆ? ಅಷ್ಟೊಂದು ದುಡ್ಡು ಸುರಿಯುವುದು ಸರಿಯಾ?" ಎಂದು ಕೇಳಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ.

ಅಕ್ಕಾ, ಹೋಗಿ ಬನ್ನಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಬೇರೆಯವರು ನಿಮ್ಮ ಮೈಗೆ ಎಣ್ಣೆ ಹಚ್ಚಿ ನೀರು ಹಾಕಿದ್ದು ಬಾಣಂತನದಲ್ಲೇ ಕೊನೆ ಅಂತ ಬರೆದಿದ್ದೀರಿ. ಆಗ ಹುಟ್ಟಿದ ಮಗಳೇ ಈಗ ಟಿಕೆಟ್ ತೆಗೆಸುತ್ತಿದ್ದಾಳೆ, ಅಲ್ವಾ? ಅಂದರೆ ಇಷ್ಟೂ ವರ್ಷ ನಿಮ್ಮ ಬೆನ್ನು, ನಿಮ್ಮ ಮಂಡಿ ಹೇಗಿದೆ ಅಂತ ಯಾರೂ ಕೇಳಿಲ್ಲ. ದೀಪಾವಳಿಯ ಎಣ್ಣೆಸ್ನಾನದ ದಿನ ಕೂಡ ಹಂಡೆಗೆ ನೀರು ತುಂಬಿ, ಒಲೆಗೆ ಬೆಂಕಿ ಹಾಕಿ, ಮನೆಮಂದಿಯ ತಲೆಗೆಲ್ಲ ಎಣ್ಣೆ ಹಚ್ಚಿ, ಕೊನೆಗೆ ಉಳಿದ ನೀರಿನಲ್ಲಿ ಮೀಯುವವರು ನೀವೇ. ನಮ್ಮ ಜಿಲ್ಲೆಯ ಬಹಳ ಮನೆಗಳಲ್ಲಿ ಇದೇ ನಡೆಯುತ್ತದೆ. ಬಾಣಂತಿಯಾದರೆ ಮಾತ್ರ ಹೆಂಗಸಿಗೆ ಆರೈಕೆ, ಆಮೇಲೆ ಜೀವನಪೂರ್ತಿ ಅವಳೇ ಎಲ್ಲರ ಆರೈಕೆ ಮಾಡಬೇಕು ಅನ್ನುವ ಲೆಕ್ಕವನ್ನು ನಾನು ಒಪ್ಪುವುದಿಲ್ಲ. ನೀವೂ ಒಪ್ಪಬೇಡಿ.

ಈಗ ಆ ಹುಡುಗಿಯ ವಿಷಯ. ಹಡಗಿನಲ್ಲಿ ನಿಮ್ಮ ಹಾಸಿಗೆ ಸರಿಮಾಡುವವರು, ಬಡಿಸುವವರು, ಕಾಲು ಒತ್ತುವವರು ಹೆಚ್ಚಾಗಿ ಫಿಲಿಪೈನ್ಸ್, ಇಂಡೊನೇಷ್ಯಾ, ಭಾರತದ ಕಡೆಯವರು. ನಮ್ಮ ಕರಾವಳಿಯಿಂದಲೂ ಹಡಗಿನ ಕೆಲಸಕ್ಕೆ ಹೋದವರಿದ್ದಾರೆ. ಆರೆಂಟು ತಿಂಗಳು ಮನೆ ಬಿಟ್ಟಿರುತ್ತಾರೆ. ಹಡಗಿನ ಕೆಲಸಗಾರರಿಗಾಗಿ 2006ರಲ್ಲಿ ಅಂತರರಾಷ್ಟ್ರೀಯ ಒಪ್ಪಂದವೊಂದು ಆಗಿದೆ. ಅದರಲ್ಲಿ ವಿಶ್ರಾಂತಿಯ ಮಾಮೂಲಿ ಲೆಕ್ಕ ದಿನಕ್ಕೆ ಕನಿಷ್ಠ 10 ಗಂಟೆ, ವಾರಕ್ಕೆ 77 ಗಂಟೆ. ಅದನ್ನು ಬಿಟ್ಟರೆ ಉಳಿದ ಹೊತ್ತು ಎಷ್ಟು ಅಂತ ನೀವೇ ಲೆಕ್ಕ ಹಾಕಿ. ಅವರ ಕೆಲಸ ದೊಡ್ಡದು, ಕಷ್ಟದ್ದು. ಆದರೆ ನೀವು ಹೋಗದಿದ್ದರೆ ಅವರ ಭಾರವೇನೂ ಇಳಿಯುವುದಿಲ್ಲ. ಹೋಗಿ, ಹೆಸರು ಕೇಳಿ, ಊರು ಕೇಳಿ, ಮನೆಯಲ್ಲಿ ಯಾರಿದ್ದಾರೆ ಅಂತ ಮಾತಾಡಿಸಿ. ಬಡಿಸಿ ಗೊತ್ತಿರುವವರಿಗೆ ಬಡಿಸುವವರ ಸುಸ್ತು ಬೇಗ ಅರ್ಥವಾಗುತ್ತದೆ. ಸೇವಾಶುಲ್ಕ ಅಂತ ಹೆಚ್ಚಿನ ಹಡಗುಗಳಲ್ಲಿ ದಿನಕ್ಕೆ ಇಷ್ಟು ಎಂದು ಬಿಲ್ಲಿಗೇ ಸೇರಿಸುತ್ತಾರೆ. ಮಗಳು ಅದನ್ನು ತೆಗೆಸಲು ಹೋಗದಿರಲಿ. ಅದರ ಮೇಲೆ ಇನ್ನಷ್ಟು ಕೊಡುವ ಮನಸ್ಸಾದರೆ ಕೈಗೇ ಕೊಡಿ.

ಮಸಾಜಿನ ಬಗ್ಗೆ ನಿಮಗೆ ನಾಚಿಕೆ ಜಾಸ್ತಿ ಅಂತ ಕಾಣುತ್ತದೆ. ಹೆಂಗಸರೇ ಬೇಕು ಅಂತ ಬುಕ್ ಮಾಡುವಾಗಲೇ ಹೇಳಬಹುದು, ಅದು ಮಾಮೂಲಿ. ಮೈಮೇಲೆ ಟವಲ್ ಹೊದಿಸಿರುತ್ತಾರೆ, ಎಣ್ಣೆ ಹಚ್ಚುವ ಭಾಗ ಮಾತ್ರ ತೆರೆಯುತ್ತಾರೆ. ಅಷ್ಟೂ ಬೇಡ ಅನಿಸಿದರೆ ಥಾಯ್ ಮಸಾಜು ಕೇಳಿ. ಸಡಿಲ ಬಟ್ಟೆ ಹಾಕಿಕೊಂಡೇ, ಎಣ್ಣೆ ಇಲ್ಲದೆ, ಒತ್ತಿ ಎಳೆದು ಮಾಡುವ ಪದ್ಧತಿ ಅದು. 2019ರಲ್ಲಿ ಯುನೆಸ್ಕೊ ಅದನ್ನು ಪರಂಪರೆಯ ಪಟ್ಟಿಗೆ ಸೇರಿಸಿದೆ. ಹೇಗೂ ಫುಕೆಟ್‌ನಲ್ಲಿ ಇಳಿಯುತ್ತೀರಿ, ಊರೊಳಗೆ ಅದು ಹಡಗಿಗಿಂತ ಬಹಳ ಅಗ್ಗ. ಮಂಡಿ ನೋವಿದೆ ಅಂತ ಮೊದಲೇ ಹೇಳಿ. ಬಿಪಿ ಮಾತ್ರೆ ತೆಗೆದುಕೊಳ್ಳುತ್ತೀರಲ್ಲ, ಬಿಸಿಗಾಳಿಯಲ್ಲಿ ಬೆವರಲು ಕೂರುವ ಸೋನಾ ಕೋಣೆಗೆ ನಿಮ್ಮ ಡಾಕ್ಟರನ್ನು ಕೇಳದೆ ಹೋಗಬೇಡಿ. ಅಲ್ಲಿ ಬಿಸಿ 70 ಡಿಗ್ರಿಗಿಂತ ಮೇಲಿರುತ್ತದೆ, ನಮ್ಮ ಬಚ್ಚಲ ಹಬೆಯ ಅಂದಾಜಿನಲ್ಲಿ ಒಳಗೆ ಕೂತರೆ ತಲೆ ತಿರುಗುತ್ತದೆ.

ದುಡ್ಡಿನ ಮಾತು. ಮಗಳು ಸಾಲ ಮಾಡಿ ಕಳಿಸುತ್ತಿದ್ದರೆ ಬೇಡ ಅನ್ನಿ. ದುಡಿದ ಹಣದಲ್ಲಿ ಪ್ರೀತಿಯಿಂದ ಕೊಡುತ್ತಿದ್ದರೆ ತೆಗೆದುಕೊಳ್ಳಿ. ಆದರೆ ಸ್ಪಾದಲ್ಲಿ ಹಣ ಸೋರುವ ಜಾಗ ಎಲ್ಲಿದೆ ಅಂತ ಗೊತ್ತಿರಲಿ. ಬೆಲೆಪಟ್ಟಿಯಲ್ಲಿ ಇರುವುದರ ಮೇಲೆ ಸಾಮಾನ್ಯವಾಗಿ ಶೇ. 18ರಿಂದ 20 ಸೇವಾಶುಲ್ಕ ಬೀಳುತ್ತದೆ. ಮಸಾಜು ಮುಗಿದು ಮೈ ಹಗುರವಾಗಿ, ಯಾವುದಕ್ಕೂ ಇಲ್ಲ ಅನ್ನಲು ಆಗದ ಹೊತ್ತಿಗೆ ಸರಿಯಾಗಿ ಕ್ರೀಮು, ಎಣ್ಣೆ, ಪುಡಿ ಅಂತ ತಂದು ತೋರಿಸುತ್ತಾರೆ. ಬೇಡ ಅಂದರೆ ಅವರಿಗೆ ಬೇಜಾರಿಲ್ಲ. ಹಡಗು ಬಂದರಿನಲ್ಲಿ ನಿಂತ ದಿನ ಜನ ಊರು ನೋಡಲು ಇಳಿದಿರುತ್ತಾರೆ, ಆಗ ಸ್ಪಾ ಖಾಲಿ, ದರವೂ ಕಡಿಮೆ ಸಿಗಬಹುದು. ಪೆನಾಂಗ್‌ನಲ್ಲಿ ಮಾತ್ರ ಹಾಗೆ ಮಾಡಬೇಡಿ, ಇಳಿಯಿರಿ. ಜಾರ್ಜ್ ಟೌನ್ ಹಳೆಯ ಚೆಂದದ ಊರು. 1833ರಲ್ಲಿ ಕಟ್ಟಿದ ಮಾರಿಯಮ್ಮನ ಗುಡಿ ಇದೆ. ನಿಮ್ಮೂರ ಮಾರಿಕಾಂಬೆಯ ಭಕ್ತರಿಗೆ ಅಲ್ಲಿ ಪರದೇಶ ಅನಿಸಲಿಕ್ಕಿಲ್ಲ.

ಇನ್ನು ನಿಮ್ಮ ಸಣ್ಣ ಸಣ್ಣ ಹೆದರಿಕೆಗಳು. ಮಳೆಗಾಲದ ಕಾರವಾರದ ಕಡಲು ನೋಡಿ ಭಯಪಟ್ಟಿದ್ದೀರಿ. ನೀವು ಹೋಗುವ ಮಲಕ್ಕಾ ಜಲಸಂಧಿಯ ಎರಡೂ ಕಡೆ ನೆಲವಿದೆ, ಅಲೆ ಅಷ್ಟಿರುವುದಿಲ್ಲ. ಆದರೂ ಕೆಳಗಿನ ಅಂತಸ್ತಿನ, ಹಡಗಿನ ನಡುಭಾಗದ ಕೋಣೆ ತೆಗೆದುಕೊಂಡರೆ ಅಲುಗಾಟ ಕಡಿಮೆ. ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಊಟವನ್ನು ಮೊದಲೇ ಬರೆಸಿಟ್ಟರೆ ಮಾಡಿಕೊಡುತ್ತಾರೆ. ಅಪ್ಪೆಮಿಡಿ ಉಪ್ಪಿನಕಾಯಿ ಮಗಳ ಮನೆಗೆ ಇರಲಿ, ಮನೆಯಲ್ಲಿ ಮಾಡಿದ್ದನ್ನು ಹಡಗಿಗೆ ಸಾಮಾನ್ಯವಾಗಿ ಬಿಡುವುದಿಲ್ಲ. ಯಜಮಾನರ ಕವಳದ ಸಂಚಿಯಲ್ಲಿ ತಂಬಾಕು ಇದ್ದರೆ ಶಿರಸಿಯಲ್ಲೇ ತೆಗೆದಿಡಲಿ. ಸಿಂಗಾಪುರದಲ್ಲಿ ಜಗಿಯುವ ತಂಬಾಕು ತರುವಂತೆಯೇ ಇಲ್ಲ. ನಡುಗಡಲಿನಲ್ಲಿ ಫೋನ್ ಏರೋಪ್ಲೇನ್ ಮೋಡ್‌ನಲ್ಲಿರಲಿ, ಇಲ್ಲದಿದ್ದರೆ ಬಿಲ್ಲು ನೋಡಿ ಗಾಬರಿಯಾದೀತು. ಹಡಗು ವಾಪಸ್ ಬಂದಾಗ ಸಿಂಗಾಪುರಕ್ಕೆ ಎರಡನೇ ಸಲ ಒಳಗೆ ಬಂದ ಲೆಕ್ಕ, ವೀಸಾ ಅದಕ್ಕೆ ಸರಿಯಾಗಿದೆಯಾ ಅಂತ ಮಗಳು ಒಮ್ಮೆ ನೋಡಲಿ.

ಯಜಮಾನರು "ಅಡಿಕೆ ಕೊನೆಕೊಯ್ಲು ಮುಗಿಯಲಿ" ಅಂದಿದ್ದು ಸರಿಯೇ. ಆದರೆ ಟಿಕೆಟ್ ತೆಗೆಸಲು ಕೊಯ್ಲು ಮುಗಿಯುವವರೆಗೆ ಕಾಯಬೇಕಿಲ್ಲ. ನಾನು ಹೇಳಿದ ನಡುಭಾಗದ ಕೋಣೆಗಳೇ ಬೇಗ ಖಾಲಿಯಾಗುವಂಥವು. ಮಗಳಿಗೆ ಈ ವಾರವೇ ಫೋನ್ ಮಾಡಿ ಹೂಂ ಅಂದುಬಿಡಿ.

— ಸಂಪಾದಕ