ಗೀಸರ್ ಮುಟ್ಟಿದರೆ ಜುಮ್ ಅನ್ನುತ್ತೆ. ಸಾಕೆಟ್ಟಿನ ಅರ್ಥ್ ಪಿನ್ನನ್ನು ನ್ಯೂಟ್ರಲ್‌ಗೆ ಸೇರಿಸಿ ಅಂತಾರೆ ನಮ್ಮ ಎಲೆಕ್ಟ್ರಿಷಿಯನ್. ಅಷ್ಟೇ ಸಾಕಾ, ಅರ್ಥಿಂಗ್‌ಗೆ ಉಪ್ಪು ಇದ್ದಿಲು ಹಾಕಿ ಗುಂಡಿ ತೆಗೆಸಬೇಕಾ?

ಸೇರಿಸಬೇಡಿ. ಹಾಗೆ ಸೇರಿಸುವ ತುಂಡು ವೈರನ್ನು ನಾನೂ ಹಾಕಿದ್ದೆ, ಕೈಯಾರೆ.

ತೀರ್ಥಹಳ್ಳಿ ಕಡೆ ನಮ್ಮ ಹಳೆ ಮನೆ. ವೈರಿಂಗ್ ಮಾಡಿಸಿದ ಕಾಲದಲ್ಲಿ ಎರಡೇ ತಂತಿ: ಕರೆಂಟ್ ತರುವ ಫೇಸ್, ವಾಪಸ್ ಒಯ್ಯುವ ನ್ಯೂಟ್ರಲ್. ನೆಲಕ್ಕೆ ಹೋಗುವ ಅರ್ಥ್ ತಂತಿ ಇರಲೇ ಇಲ್ಲ. ಸಾಕೆಟ್ಟಿನ ಮೇಲಿನ ದಪ್ಪ ತೂತು ಬರೀ ಅಲಂಕಾರಕ್ಕೆ. ಫ್ರಿಜ್ ಬಂದ ಮೇಲೆ ಬರಿಗಾಲಲ್ಲಿ ಮುಟ್ಟಿದರೆ ಇರುವೆ ಹರಿದ ಹಾಗೆ ಜುಮುಜುಮು. ಐಟಿಐ ಮುಗಿಸಿದ್ದ ಜಂಬ ನನಗೆ. ಸಾಕೆಟ್ ಬಿಚ್ಚಿ, ಎರಡಿಂಚು ವೈರಿನಲ್ಲಿ ನ್ಯೂಟ್ರಲ್ಲಿಗೂ ಅರ್ಥ್ ಪಿನ್ನಿಗೂ ಗಂಟು ಹಾಕಿದೆ. ಟ್ರಾನ್ಸ್‌ಫಾರ್ಮರ್ ಹತ್ತಿರ ನ್ಯೂಟ್ರಲ್ಲನ್ನು ನೆಲಕ್ಕೆ ಸೇರಿಸಿಯೇ ಇರುತ್ತಾರಲ್ಲ, ಇಲ್ಲಿ ಸೇರಿಸಿದರೇನು ಅಂತ ನನ್ನ ತರ್ಕ. ಜುಮುಜುಮು ನಿಂತಿತು. ಎರಡು ವರ್ಷ ಏನೂ ಆಗಲಿಲ್ಲ.

ಒಂದು ಆಷಾಢದ ಸಂಜೆ ಕೊಂಬೆ ಬಿದ್ದು, ಕಂಬದಿಂದ ಮನೆಗೆ ಬರುವ ಸರ್ವಿಸ್ ವೈರಿನಲ್ಲಿ ನ್ಯೂಟ್ರಲ್ ಮಾತ್ರ ತುಂಡಾಯಿತು. ಲೈಟೆಲ್ಲ ಆರಿದವು. ಕರೆಂಟ್ ಹೋಯ್ತು ಅಂದುಕೊಂಡೆವು. ಮಲೆನಾಡಿನ ಮಳೆಗಾಲದಲ್ಲಿ ಅದೇನು ಹೊಸದೇ? ಆದರೆ ಫೇಸ್ ಮನೆಯೊಳಗೇ ಇತ್ತು. ಆನ್ ಆಗಿದ್ದ ಬಲ್ಬನ್ನು ಹಾದು ನ್ಯೂಟ್ರಲ್ ತಂತಿಗೆ ಬಂದು, ವಾಪಸ್ ಹೋಗಲು ದಾರಿಯಿಲ್ಲದೆ ಕಾದು ಕೂತಿತ್ತು. ಆಗ ಟೆಸ್ಟರ್ ಇಟ್ಟಿದ್ದರೆ ಸಾಕೆಟ್ಟಿನ ಎರಡೂ ತೂತಲ್ಲಿ ಹತ್ತುತ್ತಿತ್ತು. ನನ್ನ ತುಂಡು ವೈರಿನ ದೆಸೆಯಿಂದ ಮೂರನೆಯದರಲ್ಲೂ. ಅಂದರೆ ಫ್ರಿಜ್ಜಿನ ಮೈಯಿಡೀ 230 ವೋಲ್ಟ್. ಫ್ರಿಜ್ ಕೆಟ್ಟಿರಲಿಲ್ಲ, ಇದನ್ನು ಗಮನಿಸಿ. ಸರಿಯಾಗಿದ್ದ ಫ್ರಿಜ್ಜಿನ ಮೈಗೆ ಕರೆಂಟ್ ತಂದಿಟ್ಟವನು ನಾನು. ಆ ಎರಡಿಂಚು ಇಲ್ಲದಿದ್ದರೆ ಅವತ್ತು ಬರೀ ಕತ್ತಲಾಗುತ್ತಿತ್ತು, ಅಷ್ಟೇ.

ಅಮ್ಮ ಹಾಲು ತೆಗೆಯಲು ಒದ್ದೆ ಕೈಯಲ್ಲಿ ಬಾಗಿಲಿನ ಸ್ಟೀಲ್ ಹಿಡಿಗೆ ಕೈಯಿಟ್ಟರು. ಎತ್ತಿ ಒಗೆದ ಹಾಗೆ ಹಿಂದಕ್ಕೆ ಬಿದ್ದರು. ಜೀವ ಉಳಿಯಿತು, ಮಣಿಕಟ್ಟು ಮುರಿಯಿತು. ಇವತ್ತಿಗೂ ಆ ಕೈಯಲ್ಲಿ ಕೊಡಪಾನ ಎತ್ತಲಾರರು. "ಕರೆಂಟೇ ಇರಲಿಲ್ಲವಲ್ಲೋ" ಅಂತ ಆಸ್ಪತ್ರೆಯಲ್ಲಿ ಕೇಳುತ್ತಲೇ ಇದ್ದರು.

ಇನ್ನು ನಿಮ್ಮ ಗುಂಡಿ. ಅದು ಬೇಡ ಅಂತಲ್ಲ, ಬೇಕೇ ಬೇಕು. ಆದರೆ ಎಷ್ಟು ಮೂಟೆ ಉಪ್ಪು ಸುರಿದರೂ ಗುಂಡಿಯೊಂದೇ ನಿಮ್ಮನ್ನು ಕಾಯುವುದಿಲ್ಲ. ಅದರ ರೆಸಿಸ್ಟೆನ್ಸ್ 20 ಓಮ್ ಇದೆ ಅನ್ನಿ. ಗೀಸರ್ ಮೈಗೆ ಫೇಸ್ ತಾಗಿದಾಗ ಮಣ್ಣಿಗೆ ಹರಿಯುವುದು ಹೆಚ್ಚೆಂದರೆ 11.5 ಆಂಪಿಯರ್. ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್, ಅಂದರೆ 16 ಆಂಪಿಯರಿನ ಎಂಸಿಬಿ, ಅದನ್ನು ಕೇರ್ ಮಾಡುವುದಿಲ್ಲ. ಮೊದಲು 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ಕಡಿಯುವ ಸ್ವಿಚ್, ಹಾಕಿಸಿ. ಫೇಸಿನಲ್ಲಿ ಹೋದದ್ದು ನ್ಯೂಟ್ರಲ್ಲಿನಲ್ಲಿ ಬಂದದ್ದಕ್ಕೆ ತಾಳೆಯಾಗದಿದ್ದರೆ ಅದು ಟ್ರಿಪ್ ಆಗುತ್ತದೆ. ನಿಮ್ಮ ಎಲೆಕ್ಟ್ರಿಷಿಯನ್ ಹೇಳಿದ ಹಾಗೆ ಸೇರಿಸಿದರೆ ಸೋರಿದ ಕರೆಂಟೂ ನ್ಯೂಟ್ರಲ್ಲಲ್ಲೇ ವಾಪಸಾಗಿ ಲೆಕ್ಕ ಸರಿಹೋಗುತ್ತದೆ, ಆರ್‌ಸಿಸಿಬಿಗೆ ಗೊತ್ತೇ ಆಗುವುದಿಲ್ಲ!

ಬೋರ್ಡಿನಿಂದ ಗೀಸರ್ ಪಾಯಿಂಟಿನವರೆಗೆ ಅರ್ಥಿನ ಹಸಿರು ವೈರ್ ಎಳೆಸಿ. ಬಚ್ಚಲಿನ ಕಬ್ಬಿಣದ ಪೈಪನ್ನೂ ಅದಕ್ಕೇ ಜೋಡಿಸಲಿ. ಪೈಪನ್ನೇ ಅರ್ಥಿಂಗ್ ಮಾಡಿಕೊಳ್ಳುವ ಬುದ್ಧಿವಂತಿಕೆ ಮಾತ್ರ ಬೇಡ, ನಾಳೆ ಪ್ಲಂಬರ್ ನಡುವೆ ಒಂದಡಿ ಪಿವಿಸಿ ಹಾಕಿದರೆ ಮುಗಿಯಿತು. ಇಷ್ಟೂ ಆಗುವವರೆಗೆ ಗೀಸರ್ ಪ್ಲಗ್ ಕಿತ್ತಿಟ್ಟು ಒಲೆ ಮೇಲೆ ನೀರು ಕಾಯಿಸಿಕೊಳ್ಳಿ.