ಅರಿಸಿನದ ಫೋಟೊ ಉಲ್ಟಾ ಬಂತೇಕೆ?

ಪ್ರಶ್ನೆ: ಅರಿಸಿನ ಪುಡಿಯನ್ನು ನೀರಲ್ಲಿ ಕಲಸಿ ಹಾಳೆಗೆ ಬಳಿದು, ನೆಗೆಟಿವ್ ಇಟ್ಟು ಬಿಸಿಲಿಗೆ ಹಿಡಿದೆ. ಚಿತ್ರ ಮಸುಕು, ಅದೂ ಉಲ್ಟಾ: ಕೂದಲು ಬೆಳ್ಳಗೆ, ಮುಖ ಗಾಢ. ಯಾಕೆ ಹೀಗೆ?
– ಓದುಗರು, ಶಿರಸಿ

ಉತ್ತರ: ಕಬ್ಬಿಣದ ಲವಣ ಬಳಿದು ಮಾಡುವ ಸಯನೊಟೈಪ್‌ ಚಿತ್ರದಲ್ಲಿ ಬಿಸಿಲು ಬಿದ್ದ ಜಾಗ ನೀಲಿಗಟ್ಟುತ್ತದೆ, ಅದಕ್ಕೆ ನೆಗೆಟಿವ್ ಸರಿ. ನೀವು ಮಾಡಿದ್ದು ಸಸ್ಯದ ಬಣ್ಣದ ಆಂಥೊಟೈಪ್, ಇದರಲ್ಲಿ ಬಿಸಿಲು ಬಿದ್ದ ಕಡೆ ಬಣ್ಣ ಹಾರಿಹೋಗುತ್ತದೆ. ಇಲ್ಲಿ ಪಾಸಿಟಿವ್, ಅಂದರೆ ಕಪ್ಪು ಕಪ್ಪಾಗಿಯೇ ಇರುವ ಚಿತ್ರ, ಬೇಕು. ಜೆರಾಕ್ಸ್ ಅಂಗಡಿಯಲ್ಲಿ ಮಾಮೂಲಿ ಫೋಟೊವನ್ನೇ ಓಎಚ್‌ಪಿ ಶೀಟಿನ (ಪಾರದರ್ಶಕ ಪ್ಲಾಸ್ಟಿಕ್ ಹಾಳೆ) ಮೇಲೆ ಕಪ್ಪು-ಬಿಳುಪಿನಲ್ಲಿ ಎರಡು ಪ್ರತಿ ತೆಗೆಸಿ, ಒಂದರ ಮೇಲೊಂದು ಕೂಡಿಸಿ. ಒಂದೇ ಶೀಟಾದರೆ ಕಪ್ಪಿನೊಳಗೂ ಬೆಳಕು ನುಸುಳುತ್ತದೆ.

ಮಸುಕಿಗೆ ಕಾರಣ ನೀರು. ಅರಿಸಿನದ ಬಣ್ಣವಾದ ಕರ್ಕ್ಯುಮಿನ್ ನೀರಲ್ಲಿ ಕರಗುವುದಿಲ್ಲವೆನ್ನಬಹುದು. ಪುಡಿ ಹಾಳೆಯ ಮೇಲೆ ಸುಮ್ಮನೆ ಕೂತು ಉದುರುತ್ತದೆ. 50 ಮಿ.ಲೀ. ಸರ್ಜಿಕಲ್ ಸ್ಪಿರಿಟ್‌ಗೆ ಒಂದು ಟೀ ಚಮಚ ಪುಡಿ ಹಾಕಿ ಕುಲುಕಿ, ಹತ್ತು ನಿಮಿಷ ಬಿಟ್ಟು ತೆಳು ಬಟ್ಟೆಯಲ್ಲಿ ಸೋಸಿ. (ಒಲೆಯ ಹತ್ತಿರ ಬೇಡ, ಸ್ಪಿರಿಟ್ ತಟ್ಟನೆ ಹೊತ್ತಿಕೊಳ್ಳುತ್ತದೆ.) ಬಿಸಿಲು ಬೀಳದ ಕೋಣೆಯಲ್ಲಿ ಜಲವರ್ಣದ ದಪ್ಪ ಹಾಳೆಗೆ ಉದ್ದಕ್ಕೊಮ್ಮೆ, ಒಣಗಿದ ಮೇಲೆ ಅಡ್ಡಕ್ಕೊಮ್ಮೆ ಬಳಿಯಿರಿ. ಹಸಿ ಉಳಿದರೆ ಶೀಟು ಅಂಟಿ, ಬಿಡಿಸುವಾಗ ಬಣ್ಣವೂ ಎದ್ದುಬರುತ್ತದೆ.

ಮೇಲೆ ಗಾಜು, ಕೆಳಗೆ ರಟ್ಟು, ಸುತ್ತ ಬಿಗಿ ಕ್ಲಿಪ್. ಬೇಸಿಗೆಯ ನಡುಹಗಲಲ್ಲಿ ಎರಡರಿಂದ ನಾಲ್ಕು ಗಂಟೆ, ಮೋಡವಿದ್ದರೆ ದಿನವಿಡೀ. ನೋಡಲೇಬೇಕೆನಿಸಿದರೆ ಒಂದು ಮೂಲೆ ಮಾತ್ರ ಎತ್ತಿ, ಶೀಟು ಜರುಗಿದರೆ ಎರಡೆರಡು ಮೂಗು ಮೂಡುತ್ತವೆ. ಆಮೇಲೆ ಒಂದು ಲೋಟ ನೀರಿಗೆ ಅರ್ಧ ಚಮಚ ಬಿಳಿಗಾರ (ಬೊರಾಕ್ಸ್) ಕರಗಿಸಿ ಹಾಳೆಯನ್ನು ಅದ್ದಿ. ಉಳಿದ ಹಳದಿ ಕೆಂಗಂದಾಗಿ ಚಿತ್ರ ಎದ್ದು ಕಾಣುತ್ತದೆ. ಅರಿಸಿನ ಕುಂಕುಮವಾಗುವುದೂ ಇದೇ ಕ್ಷಾರದ ಗುಣದಿಂದ. ನೀರಲ್ಲೊಮ್ಮೆ ಜಾಲಿಸಿ ನೆರಳಲ್ಲಿ ಒಣಗಿಸಿ.

ಪ್ರಶ್ನೆ: ಪಾಲಕ್ ರಸದ ಚಿತ್ರಕ್ಕೆ ಫಿಕ್ಸರ್ (ಚಿತ್ರ ಮಾಸದಂತೆ ನಿಲ್ಲಿಸುವ ದ್ರಾವಣ) ಯಾವುದು?
– ಓದುಗರು, ಹಾಸನ

ಉತ್ತರ: ಯಾವುದೂ ಇಲ್ಲ. ಬೆಳ್ಳಿ ಲವಣಗಳನ್ನು ಹೈಪೊ (ಬೆಳ್ಳಿ ಲವಣದ ಫೋಟೊಗಳ ಫಿಕ್ಸರ್) ಕರಗಿಸುತ್ತದೆಂದು 1819ರಲ್ಲೇ ಕಂಡುಕೊಂಡ ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್, 1842ರಲ್ಲಿ ಹೂವಿನ ರಸದ ಪ್ರಯೋಗಗಳನ್ನು ಪ್ರಕಟಿಸಿದಾಗ ಅವುಗಳಿಗೆ ಅಂಥದ್ದೊಂದು ಸಿಕ್ಕಿರಲಿಲ್ಲ. ಹೈಪೊ ಬೆಳಕು ತಾಗದೆ ಉಳಿದದ್ದನ್ನು ತೊಳೆದು ತೆಗೆಯುತ್ತದೆ. ಇಲ್ಲಿ ಹಾಗೆ ಉಳಿದದ್ದೇ ಚಿತ್ರ! ಸ್ಕ್ಯಾನ್ ಮಾಡಿಟ್ಟುಕೊಂಡು ಮೂಲವನ್ನು ಮುಚ್ಚಿದ ಆಲ್ಬಮ್‌ನಲ್ಲಿಡಿ. ಪಾಲಕ್‌ಗೆ ವಾರಕ್ಕೂ ಹೆಚ್ಚು ಬಿಸಿಲು ಬೇಕಾಗಬಹುದು, ಮಳೆಗಾಲದಲ್ಲಿ ಕೈ ಹಾಕಬೇಡಿ. ಗಾಜಿನಡಿ ಹಾಳೆಗೆ ಬೂಷ್ಟು ಹಿಡಿಯುತ್ತದೆ.