ಡೀಪ್ ಪರ್ಪಲ್: ಹೆಸರು ಒಂದೇ, ದನಿ ಮಾತ್ರ ಬೇರೆ ಬೇರೆ

ಪ್ರಶ್ನೆ: ಅಣ್ಣನ ಹಳೇ ಪೆಟ್ಟಿಗೆಯಲ್ಲಿ ಡೀಪ್ ಪರ್ಪಲ್ ಬ್ಯಾಂಡಿನ ಮೂರು ಕ್ಯಾಸೆಟ್ ಸಿಕ್ಕವು. ಒಂದೊಂದರಲ್ಲೂ ಹಾಡುವವರ ದನಿ ಬೇರೆ. ಇದು ಒಂದೇ ಬ್ಯಾಂಡಾ? ‘ಮಾರ್ಕ್ ಟೂ’ ಅಂತಾರಲ್ಲ, ಹಾಗಂದರೇನು? ಯಾವುದರಿಂದ ಶುರು ಮಾಡಲಿ?
– ಒಬ್ಬ ಓದುಗರು, ಶಿವಮೊಗ್ಗ

ಉತ್ತರ: ಬ್ಯಾಂಡ್ ಒಂದೇ, ಜನ ಬದಲಾಗುತ್ತಾ ಹೋದರು. 1968ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದಾಗಿನಿಂದ ಇವತ್ತಿನವರೆಗೆ ಎಲ್ಲ ತಂಡದಲ್ಲೂ ಇದ್ದವರು ಡ್ರಮ್ಮರ್ ಇಯಾನ್ ಪೇಸ್ ಒಬ್ಬರೇ. ಲೆಕ್ಕ ತಪ್ಪಬಾರದೆಂದು ಅಭಿಮಾನಿಗಳು ಒಂದೊಂದು ತಂಡಕ್ಕೂ ‘ಮಾರ್ಕ್’ ನಂಬರ್ ಕೊಟ್ಟಿದ್ದಾರೆ.

ಮೊದಲ ತಂಡದಲ್ಲಿ ಹಾಡಿದವರು ರಾಡ್ ಇವಾನ್ಸ್. ಅವರ ‘ಹಶ್’ ಹಾಡು ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 4ನೇ ಸ್ಥಾನಕ್ಕೆ ಹೋಯಿತು, ಆದರೂ ಅದಿನ್ನೂ ಹಾರ್ಡ್ ರಾಕ್, ಅಂದರೆ ಅಬ್ಬರದ ರಾಕ್ ಸಂಗೀತ ಅಲ್ಲ. 1969ರಲ್ಲಿ ಗಾಯಕ ಇಯಾನ್ ಗಿಲನ್, ಬೇಸ್ ಗಿಟಾರಿಗೆ ರೋಜರ್ ಗ್ಲೋವರ್ ಬಂದರು. ಇದೇ ಮಾರ್ಕ್ ಟೂ. ರಿಚಿ ಬ್ಲ್ಯಾಕ್‌ಮೋರ್ ಗಿಟಾರ್ ಇತ್ತು ನಿಜ. ನನ್ನ ಕಿವಿಗೆ ಮಾತ್ರ ಈ ಬ್ಯಾಂಡಿನ ಗುರುತು ಜಾನ್ ಲಾರ್ಡ್ ಅವರ ಹ್ಯಾಮಂಡ್ ಆರ್ಗನ್ ಎಂಬ ಎಲೆಕ್ಟ್ರಿಕ್ ಕೀಬೋರ್ಡ್ ವಾದ್ಯ. ಅದನ್ನು ಅವರು ಗಿಟಾರಿನವರ ಮಾರ್ಷಲ್ ಆಂಪ್ಲಿಫೈಯರ್‌ಗೆ ಜೋಡಿಸಿಬಿಟ್ಟರು. ಚರ್ಚಿನಲ್ಲಿ ಕೇಳುವಂಥ ನಾದ ಗರಗರ ಗುಡುಗತೊಡಗಿತು.

1971ರ ಡಿಸೆಂಬರ್. ರೆಕಾರ್ಡಿಂಗ್‌ಗೆಂದು ಇವರು ಸ್ವಿಟ್ಜರ್ಲೆಂಡಿನ ಮಾಂಟ್ರೋಗೆ ಹೋದರು. ಅಲ್ಲಿ ಗೊತ್ತು ಮಾಡಿದ್ದ ಕ್ಯಾಸಿನೊದಲ್ಲಿ ಅಮೆರಿಕದ ರಾಕ್ ಸಂಗೀತಗಾರ ಫ್ರಾಂಕ್ ಜಪ್ಪಾ ಕಾರ್ಯಕ್ರಮದ ವೇಳೆ ಯಾರೋ ಫ್ಲೇರ್ ಗನ್ (ಉರಿಯುವ ಸಿಗ್ನಲ್ ಹಾರಿಸುವ ಪಿಸ್ತೂಲು) ಹಾರಿಸಿದರು. ಕಟ್ಟಡ ಸುಟ್ಟು ಹೋಯಿತು, ಹೊಗೆ ಸರೋವರದ ಮೇಲೆಲ್ಲ ಹರಡಿತು. ‘ಸ್ಮೋಕ್ ಆನ್ ದ ವಾಟರ್’ (ನೀರಿನ ಮೇಲೆ ಹೊಗೆ) ಹಾಡು ಹುಟ್ಟಿದ್ದು ಹೀಗೆ. ಇನ್ನೊಂದು ಜಾಗ ಹುಡುಕಿ ಆ ಹಾಡನ್ನು ನುಡಿಸುತ್ತಿದ್ದರೆ, ಗದ್ದಲ ಜಾಸ್ತಿಯಾಯಿತೆಂದು ಪೊಲೀಸರು ಬಂದು ಬಾಗಿಲು ಬಡಿದರು! ಕೊನೆಗೆ ಖಾಲಿ ಬಿದ್ದಿದ್ದ ಗ್ರ್ಯಾಂಡ್ ಹೋಟೆಲಿನ ಕಾರಿಡಾರಿನಲ್ಲಿ ವಾದ್ಯ ಇಟ್ಟುಕೊಂಡರು. ರೆಕಾರ್ಡಿಂಗ್ ಯಂತ್ರಗಳೆಲ್ಲ ಹೊರಗೆ ನಿಂತ ಲಾರಿಯಲ್ಲಿ. ನುಡಿಸಿದ್ದನ್ನು ಕೇಳಬೇಕೆಂದರೆ ರೂಮು, ಬಾಲ್ಕನಿ ಎಲ್ಲ ದಾಟಿ ಹೋಗಬೇಕು. ಯಾರಿಗೆ ಬೇಕು ಈ ರಗಳೆ ಅಂತ ಕೇಳುವುದನ್ನೇ ಬಿಟ್ಟರು. ಹಾಗೆ ಆದದ್ದು 1972ರ ‘ಮಷೀನ್ ಹೆಡ್’ ಆಲ್ಬಂ.

ಒಳಜಗಳ ಆಗಲೇ ಇತ್ತು. 1973ರಲ್ಲಿ ಗಿಲನ್, ಗ್ಲೋವರ್ ಹೊರಟರು. ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದ ಡೇವಿಡ್ ಕವರ್‌ಡೇಲ್ ಹೊಸ ಗಾಯಕ. ಬೇಸ್ ನುಡಿಸುತ್ತ ಗ್ಲೆನ್ ಹ್ಯೂಸ್ ಕೂಡ ಹಾಡುತ್ತಿದ್ದರು. ‘ಬರ್ನ್’ ಕ್ಯಾಸೆಟ್ ಇದ್ದರೆ ಎರಡು ದನಿ ಕೇಳಿಸುತ್ತಲ್ವಾ, ಅದು ಇವರದೇ. 1975ರಲ್ಲಿ ಬ್ಲ್ಯಾಕ್‌ಮೋರ್ ಬಿಟ್ಟರು, 1976ರಲ್ಲಿ ಬ್ಯಾಂಡೇ ನಿಂತಿತು. ಮಾರ್ಕ್ ಟೂ ಮತ್ತೆ ಒಂದಾಗಿದ್ದು 1984ರಲ್ಲಿ. ಜಗಳವೂ ಜೊತೆಗೇ ಬಂತು. 1993ರಲ್ಲಿ ಬ್ಲ್ಯಾಕ್‌ಮೋರ್ ಪೂರ್ತಿ ಹೊರಬಿದ್ದರು. ಆಮೇಲೆ ಸ್ಟೀವ್ ಮೋರ್ಸ್ 2022ರವರೆಗೆ ಗಿಟಾರ್ ಹಿಡಿದರು. ಬ್ಲ್ಯಾಕ್‌ಮೋರ್‌ಗಿಂತ ಜಾಸ್ತಿ ವರ್ಷ ನುಡಿಸಿದರೂ ಅವರನ್ನು ಸುಮ್ನೆ ‘ಬದಲಿ ಆಟಗಾರ’ ಎಂಬಂತೆ ನೋಡುವವರಿದ್ದಾರೆ. ಅನ್ಯಾಯ ಅದು. ಲಾರ್ಡ್ 2002ರಲ್ಲಿ ಬಿಟ್ಟರು, 2012ರಲ್ಲಿ ತೀರಿಕೊಂಡರು.

ಶುರು ಮಾಡಲು ‘ಮೇಡ್ ಇನ್ ಜಪಾನ್’ ಆಲ್ಬಂ ಹುಡುಕಿ. 1972ರ ಆಗಸ್ಟಿನಲ್ಲಿ ಒಸಾಕಾ, ಟೋಕಿಯೊದಲ್ಲಿ ಜನರ ಮುಂದೆ ನುಡಿಸಿದ್ದು. ಅದರಲ್ಲಿ ‘ಚೈಲ್ಡ್ ಇನ್ ಟೈಮ್’ ಹಾಡಿಗೆ ಗಿಲನ್ ದನಿ ಎಲ್ಲಿಗೆ ಏರುತ್ತದೆ ನೋಡಿ. ಹಾಂ, ಅಣ್ಣನ ಕ್ಯಾಸೆಟ್ ಹಾಕುವ ಮುಂಚೆ ಪೆನ್ಸಿಲ್ ತೂರಿಸಿ ಒಂದು ಸಲ ಮೆಲ್ಲಗೆ ಸುತ್ತಿ. ಹಳೇ ಟೇಪ್ ಅಂಟಿಕೊಂಡಿರುತ್ತದೆ.